ಪಕ್ಕದ ಮನೆಯವನ ಹೊಟ್ಟೆ

ಮರುಳಪ್ಪನ ಹೊಟ್ಟೆಯ ಒಳಪದರ ಬದಲಾಗಿದೆಯೆಂದು ಡಾಕ್ಟರು ಹೇಳಿದ ದಿನದಿಂದ ಪಕ್ಕದ ಮನೆಯ ಗಂಗಾಧರಪ್ಪನಿಗೆ ನೆಮ್ಮದಿಯಿಲ್ಲ.

ಮರುಳಪ್ಪ ನಿವೃತ್ತ ಪೋಸ್ಟ್‌ಮಾಸ್ಟರ್. ಹೆಂಡತಿ ಮಗಳ ಬಾಣಂತನಕ್ಕೆ ತಿಪಟೂರಿಗೆ ಹೋಗಿದ್ದಳು. "ಕ್ಯಾನ್ಸರ್ ಅಲ್ವಂತೆ, ಮುಂದೆ ಆಗ್ದಂಗೆ ನೋಡ್ಕೋಬೇಕಂತೆ" ಎಂದು ಅವನು ಕಾಂಪೌಂಡಿನಾಚೆಯಿಂದ ಹೇಳಿದ್ದೇ ತಡ, ಗಂಗಾಧರಪ್ಪನ ಹೆಂಡತಿ ಸಾವಿತ್ರಮ್ಮ ದಿನಾ ಅವನಿಗೆ ರಾಗಿ ಗಂಜಿ, ಮಜ್ಜಿಗೆ ಸಾಗಿಸತೊಡಗಿದಳು. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ದಿನವಿಡೀ ಧೂಳು ಕುಡಿದು ಬರುವ ಗಂಡನನ್ನು ಕೇಳುವವರಿಲ್ಲ.

"ನಂಗೂ ಎದೆ ಉರಿ ಕಣೇ."

"ನಿಮ್ಗೆ ಉರಿಯೋದು ಎದೆಯಲ್ಲ, ಕಣ್ಣು. ಸುಮ್ನೆ ಉಣ್ಣಿ."

ಅಷ್ಟರಲ್ಲಿ ಊರ ಛತ್ರಕ್ಕೆ ಹಾಸನದಿಂದ ಡಾಕ್ಟರುಗಳ ತಂಡ ಬಂತು. ಜನರ ಹೊಟ್ಟೆಯ ಪದರ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತಿದೆ, ಗಂಡಸರಲ್ಲೆಷ್ಟು, ಹೆಂಗಸರಲ್ಲೆಷ್ಟು ಎಂದು ನೋಡುವವರು. ಈ ತೊಂದರೆ ಗಂಡಸರಲ್ಲೇ ಜಾಸ್ತಿ ಎಂದು ಕೇಳಿ ಗಂಗಾಧರಪ್ಪ ಹಿಗ್ಗಿಹೋದ. ಅರ್ಧ ಕೆಲಸ ಆದಂತೆಯೇ! ಉಳಿದರ್ಧಕ್ಕೆ ಪರೀಕ್ಷೆಯ ಹಿಂದಿನ ಸಂಜೆ ಒಂದು ಬಟ್ಟಲು ಹುಚ್ಚೆಳ್ಳಿನ ಖಾರದ ಚಟ್ನಿಯನ್ನು ಬರಿಬಾಯಲ್ಲಿ ತಿಂದ.

ಬೆಳಿಗ್ಗೆ ಛತ್ರದ ಬಾಗಿಲಲ್ಲೇ ತಡೆದರು. "ಗಂಡ ಹೆಂಡ್ತಿ ಇಬ್ರೂ ಬರ್ಬೇಕು ಸಾರ್. ಒಂದೇ ಅಡುಗೆ ಉಣ್ಣೋರನ್ನ ಹೋಲಿಸಿ ನೋಡ್ತೀವಿ."

ಓಡೋಡಿ ಮನೆಗೆ ಬಂದ. "ಸೋಮವಾರ ನನ್ನ ಒಪ್ಪತ್ತು, ಎಲ್ಲಿಗೂ ಬರಲ್ಲ" ಎಂದಳು ಸಾವಿತ್ರಮ್ಮ. ಗಂಗಾಧರಪ್ಪ ಗೋಗರೆದ. ಕಾಲು ಹಿಡಿಯುವುದೊಂದು ಬಾಕಿ.

ಕಾಂಪೌಂಡಿನ ಮೇಲೆ ಮರುಳಪ್ಪನ ತಲೆ ಮೂಡಿತು. "ಹೋಗ್ಬನ್ನಿ ಸಾವಿತ್ರಮ್ಮ. ಬರಿಹೊಟ್ಟೇಲೇ ಇದ್ದೀರಿ, ಒಳ್ಳೇದೇ ಆಯ್ತು."

ಅವಳು ತಕ್ಷಣ ಚಪ್ಪಲಿ ಮೆಟ್ಟಿದಳು. ಗಂಗಾಧರಪ್ಪನ ಮೈಯೆಲ್ಲ ಉರಿಯಿತು.

ಮೊದಲು ಅವನ ಸರದಿ. ಡಾಕ್ಟರು ಗಂಟಲೊಳಗೆ ಪೈಪು ಇಳಿಸಿ, ಟಿವಿ ಪರದೆ ನೋಡಿ, ಉಳಿದವರನ್ನೂ ಕರೆದರು. "ಬನ್ರೀ, ಈ ವಯಸ್ಸಲ್ಲಿ ಎಂಥಾ ಹೊಟ್ಟೆ! ಕನ್ನಡಿ ಇದ್ದಂಗಿದೆ!"

ಬಾಯಲ್ಲಿ ಪೈಪಿಲ್ಲದಿದ್ದರೆ ಅಲ್ಲೇ ಜಗಳಕ್ಕೆ ನಿಲ್ಲುತ್ತಿದ್ದ. ಅದನ್ನು ತೆಗೆದೊಡನೆ, "ಮೂಲೆಗೀಲೇಲಿ ಏನಾರ ಇರ್ಬೋದು, ಇನ್ನೊಂದ್ಸಲ ನೋಡಿ ಸ್ವಾಮಿ" ಎಂದು ಅಂಗಲಾಚಿದ.

"ಕಲ್ಲು ತಿಂದ್ರೂ ಕರಗುತ್ತೆ. ಏಳಿ."

ಸಾವಿತ್ರಮ್ಮನನ್ನು ಮಲಗಿಸಿದಾಗ ಡಾಕ್ಟರು ಯಾರನ್ನೂ ಕರೆಯಲಿಲ್ಲ. ಬಹಳ ಹೊತ್ತು ನೋಡಿದರು. ಚೂರು ತೆಗೆದು ಪರೀಕ್ಷೆಗೆ ಇಟ್ಟರು. "ಒಳಪದರ ಬದಲಾದಂತಿದೆ ಅಮ್ಮ. ಕ್ಯಾನ್ಸರ್ ಥರ ಕಾಣಲ್ಲ, ಹೆದರ್ಬೇಡಿ. ವರ್ಷಾ ವರ್ಷಾ ಹಾಸನಕ್ಕೆ ಬಂದು ತೋರಿಸ್ಕೋಬೇಕಾಗ್ಬೋದು."

"ಹೆಂಗಸ್ರಿಗೆ ಕಮ್ಮಿ ಅಂದ್ರಲ್ಲ?" ಎಂದ ಗಂಗಾಧರಪ್ಪ.

"ಕಮ್ಮಿ ಅಂದ್ರೆ ಇಲ್ಲ ಅಂತಲ್ಲ ಕಣ್ರೀ. ಅವ್ರು ತೋರಿಸ್ಕೊಳ್ಳೋಕೆ ಬರೋದೇ ಕಮ್ಮಿ."

ಅಸೂಯೆಯೆಲ್ಲ ಇಳಿದು ಗಂಗಾಧರಪ್ಪನಿಗೆ ನಿಜವಾದ ಭಯ ಹತ್ತಿತು. ಇವಳಿಗೇನಾದರೂ ಆದರೆ? ಮದುವೆಯಾದಮೇಲೆ ಮೊದಲ ಸಲ ಅವಳ ಬ್ಯಾಗು ಹಿಡಿದು ನಡೆದ. ಇನ್ನು ಇವಳನ್ನು ತಾನೇ ನೋಡಿಕೊಳ್ಳಬೇಕು, ತಾನೊಬ್ಬನೇ! ಮನೆಗೆ ಬಂದವನೇ ಒಲೆಯ ಮುಂದೆ ನಿಂತು, ಕೈ ಸುಟ್ಟುಕೊಂಡು ಗಂಟುಗಂಟಾದ ಗಂಜಿ ಕಾಸಿದ.

ಲೋಟ ಹಿಡಿದು ಹೊರಬಂದರೆ ಜಗಲಿಯಲ್ಲಿ ಮರುಳಪ್ಪ ಕೂತಿದ್ದಾನೆ.

"ನಮ್ಮಿಬ್ರದ್ದೂ ಒಂದೇ ಕಾಯಿಲೆ ಸಾವಿತ್ರಮ್ಮ, ಚಿಂತೆ ಬಿಡಿ. ವರ್ಷಾ ವರ್ಷಾ ಜೊತೇಲೇ ಹಾಸನಕ್ಕೆ ಹೋಗ್ಬರೋಣ."

ಸಾವಿತ್ರಮ್ಮನ ಮುಖ ಬೆಳಗಿನಿಂದ ಮೊದಲ ಬಾರಿಗೆ ಅರಳಿತು.

"ನಾನೂ ಬತ್ತೀನಿ!" ಎಂದ ಗಂಗಾಧರಪ್ಪ.

"ನೀವ್ಯಾಕ್ರೀ? ನಿಮ್ಗೇನಾಗೈತೆ?" ಎಂದಳು ಸಾವಿತ್ರಮ್ಮ. "ಒಳಗ್ಹೋಗಿ ಇನ್ನೊಂದು ಲೋಟ ತನ್ನಿ, ಮರುಳಪ್ಪನೋರಿಗೆ."