ಅತ್ತೆಯ ನಾಲಗೆ ಮತ್ತು ಸಮುದ್ರದ ತೊಟ್ಟಿ

ನೀರಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲ ಎಂದು ನಾನು ಎದೆ ತಟ್ಟಿಕೊಂಡು ಹೇಳುತ್ತಿದ್ದ ಕಾಲವೊಂದಿತ್ತು. ಬಹಳ ಹಿಂದೆಯಲ್ಲ, ಹೋದ ತಿಂಗಳವರೆಗೆ! ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತಗಿರಿ ಮಾಡಿದವನು ನಾನು. ಊರಿನ ಯಾವ ನಲ್ಲಿ ಸೋರಿದರೂ ಅದರ ಕಡತ ನನ್ನ ಮೇಜಿಗೇ ಬರಬೇಕು. ನೀವು ಯಾವತ್ತಾದರೂ ಒಂದು ನಲ್ಲಿಯನ್ನು ಕೈಯಾರೆ ರಿಪೇರಿ ಮಾಡಿದ್ದುಂಟಾ ಎಂದು ಮಾತ್ರ ಕೇಳಬೇಡಿ.

ಇಂಥ ಜಲಪಂಡಿತನೇ ಮಗಳ ಕ್ಲಾಸಿನ ಮೀನಿನ ಬೋಗುಣಿಯನ್ನು ಒಡೆದದ್ದು. ನಾಲ್ಕನೇ ಕ್ಲಾಸಿನವರು ಎರಡು ಚಿನ್ನದ ಬಣ್ಣದ ಮೀನು ಸಾಕಿದ್ದಾರೆ. ಒಂದು ಸದಾ ಗಾಜಿನ ಮುಂದೆಯೇ ಇರುವುದರಿಂದ ಅದರ ಹೆಸರು ಹಾಜರಿ. ಇನ್ನೊಂದು ಯಾವಾಗಲೂ ಕಲ್ಲಿನ ಹಿಂದೆ ಅವಿತುಕೊಳ್ಳುವುದರಿಂದ ಅದರ ಹೆಸರು ಗೈರು. ರಜೆಯಲ್ಲಿ ಅವುಗಳನ್ನು ನೋಡಿಕೊಳ್ಳುವ ಜವಾಬ್ದಾರಿಯನ್ನು ಟೀಚರ್ ನನ್ನ ಮಗಳಿಗೆ ವಹಿಸಿದ್ದರು. ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ಕ್ರಿಮಿಗಳು ಸಾಯಲಿ ಎಂದು ನಾನು ಬೋಗುಣಿಗೆ ಕುದಿಯುವ ನೀರು ಸುರಿದೆ. ಕ್ರಿಮಿಗಳ ಗತಿ ಏನಾಯಿತೋ ಗೊತ್ತಿಲ್ಲ, ಬೋಗುಣಿ ಮಾತ್ರ "ಟಪ್" ಎಂದು ಎರಡು ಹೋಳಾಯಿತು.

"ಸೋಮವಾರ ಸ್ಕೂಲು ಶುರು ಅಪ್ಪಾ! ಟೀಚರ್ ಮೀನುಗಳ ಹೆಸರನ್ನೂ ಕೂಗಿ ಹಾಜರಿ ತಗೋತಾರೆ. ನಾನು ಬಕೆಟ್ ಹಿಡ್ಕೊಂಡು ಹೋಗ್ಲಾ?" ಮಗಳ ಕಣ್ಣು ತುಂಬಿತು.

ಆ ಕಣ್ಣು ತುಂಬಿದಾಗಲೆಲ್ಲ ನಾನು ಶಪಥ ಮಾಡುವುದು ವಾಡಿಕೆ. "ಬೋಗುಣಿ ಯಾವ ಲೆಕ್ಕ ಪುಟ್ಟಿ! ಸೋಮವಾರ ನಿನ್ನ ಮೀನುಗಳು ಅರಮನೆಯಲ್ಲಿ ಕೂತು ಸ್ಕೂಲಿಗೆ ಬರ್ತವೆ!"

ಅರಮನೆ ನನ್ನ ಕಣ್ಣಿಗೆ ಆಗಲೇ ಬಿದ್ದಿತ್ತು. ನಮ್ಮ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ರೋಗಿಗಳು ಹೆದರಿಕೊಂಡು ಕೂರುವ ಬೆಂಚಿನ ಎದುರು, ಸಮುದ್ರದ ಮೀನುಗಳ ದೊಡ್ಡ ಅಕ್ವೇರಿಯಂ ಇತ್ತು. ಈಗ ಅಲ್ಲಿ ಟಿವಿ ಬಂದಿದೆ. ಮೀನುಗಳನ್ನು ಯಾರಿಗೋ ಕೊಟ್ಟಾಗಿತ್ತು, ಖಾಲಿ ತೊಟ್ಟಿ ಮೂಲೆಯಲ್ಲಿ ಬಿದ್ದಿತ್ತು. ಕೇಳಿದ ಕೂಡಲೇ ಡಾಕ್ಟರು ಕೊಟ್ಟೇಬಿಟ್ಟರು.

"ಆದ್ರೆ ಇದು ಉಪ್ಪುನೀರಿನ ತೊಟ್ಟಿ" ಎಂದರು. "ತಳದಲ್ಲಿರೋ ಹವಳದ ಚೂರು, ಮರಳು, ಕಲ್ಲು ಎಲ್ಲಾ ತೆಗೀರಿ. ವಿನೆಗರ್ ಹಾಕಿ ಉಜ್ಜಿ, ಚೆನ್ನಾಗಿ ತೊಳೀರಿ. ಉಪ್ಪು ಅಳೆಯೋ ಸಣ್ಣ ಮೀಟರ್ ನನ್ನ ಹತ್ರಾನೇ ಇದೆ, ತಗೊಂಡು ಹೋಗಿ."

"ಮೀಟರಾ? ನನಗಾ?" ನಾನು ನಕ್ಕೆ. ಆ ನಗುವಿಗೆ ಆಮೇಲೆ ತುಂಬಾ ಅತ್ತೆ.

ಮಂಗಳವಾರ ತೊಟ್ಟಿ ಮನೆಗೆ ಬಂತು. ನನ್ನ ಹೆಂಡತಿ ಟೈಲರ್. ಯಾವ ವಸ್ತು ಕಂಡರೂ ಮೊದಲು ಟೇಪ್ ಹಿಡಿಯುತ್ತಾಳೆ, ಆಮೇಲೆ ನನ್ನನ್ನು ಹಿಡಿಯುತ್ತಾಳೆ.

"ಇದಕ್ಕೆ ಹತ್ತು ಬಕೆಟ್ ನೀರು ಹಿಡಿಯುತ್ತೆ ರೀ. ಎಷ್ಟು ಸಲ ತೊಳೀಬೇಕಂತೆ?"

"ಒಂದೆರಡು ಸಲ."

"ಒಂದಾ, ಎರಡಾ?"

"ನೀರಿನ ವಿಷಯ ನನಗೆ ಬಿಡು!" ಎಂದೆ.

ಅಂಚಿನಲ್ಲೆಲ್ಲ ಉಪ್ಪು ಬೆಳ್ಳಗೆ ಹೆಪ್ಪುಗಟ್ಟಿತ್ತು. ಹವಳದ ಚೂರು, ಕಲ್ಲುಗಳನ್ನೆಲ್ಲ ಹೊರಹಾಕಿ ಎರಡು ಬಾಟಲಿ ವಿನೆಗರ್ ಸುರಿದು ಉಜ್ಜಿದೆ. ಮನೆಯಿಡೀ ಹುಳಿ ವಾಸನೆ. ಹೆಂಡತಿಯ ಹತ್ತಿರ ಬ್ಲೌಸ್ ಹೊಲಿಸಲು ಬಂದ ಗಿರಾಕಿ ಮೂಗು ಮುಚ್ಚಿಕೊಂಡೇ ಅಳತೆ ಕೊಟ್ಟು ಓಡಿದಳು. ಒಂದು ಸಲ ತುಂಬಿಸಿ ಚೆಲ್ಲಿದೆ. ಇನ್ನೊಮ್ಮೆ ತುಂಬಿಸಿದೆ. ಈಗ ಉಪ್ಪು ಹೋಯಿತೋ ಇಲ್ಲವೋ ತಿಳಿಯುವುದು ಹೇಗೆ? ಮೀಟರ್ ತರಲು ವಾಪಸ್ ಹೋದರೆ ನನ್ನ ಮಾನ ಏನಾದೀತು?

ಆಗ ಹೊಳೆಯಿತು ನೋಡಿ, ನನ್ನ ಮನೆಯಲ್ಲೇ ಮೀಟರ್ ಇದೆ! ನನ್ನ ಅತ್ತೆ!

ಅತ್ತೆಗೆ ರಕ್ತದೊತ್ತಡ. ಎರಡು ವರ್ಷದಿಂದ ಉಪ್ಪಿಲ್ಲದ ಊಟ. ಪಾಪ, ಆ ಸಪ್ಪೆ ಅನ್ನವನ್ನು ಮೂಲೆಯ ಕುರ್ಚಿಯಲ್ಲಿ ಕೂತು ಗೊಣಗದೆ ತಿನ್ನುತ್ತಾರೆ. ಹಾಗಾಗಿ ಅವರ ನಾಲಗೆ ಎಷ್ಟು ಸೂಕ್ಷ್ಮವೆಂದರೆ, ಉಪ್ಪಿನ ಡಬ್ಬಿ ಮುಟ್ಟಿದ ಕೈಯಲ್ಲಿ ಲೋಟ ಕೊಟ್ಟರೂ ಕಂಡುಹಿಡಿಯುತ್ತಾರೆ. ಚಮಚದಲ್ಲಿ ನೀರು ಹಿಡಿದು ಅವರ ಮುಂದೆ ಬಗ್ಗಿ ನಿಂತೆ.

"ಅತ್ತೆ, ನಾಲಗೆಗೆ ಮುಟ್ಟಿಸಿ ಉಗಿದುಬಿಡಿ. ಉಪ್ಪಿದೆಯಾ?"

ಅತ್ತೆ ಕಣ್ಣು ಮುಚ್ಚಿದರು. ಚಪ್ಪರಿಸಿದರು. ನ್ಯಾಯಾಧೀಶರ ಹಾಗೆ ತೀರ್ಪು ಕೊಟ್ಟರು: "ಇದೆ, ಅಳಿಯಂದ್ರೇ."

ಚೆಲ್ಲಿದೆ. ತುಂಬಿಸಿದೆ. ಚಮಚ ಹಿಡಿದೆ. "ಇದೆ." ಬುಧವಾರ ಎರಡು ಸಲ, ಗುರುವಾರ ಮೂರು ಸಲ. "ಇದೆ... ಸ್ವಲ್ಪ ಕಮ್ಮಿ ಆಗಿದೆ, ಆದ್ರೆ ಇದೆ." ನನ್ನ ಸೊಂಟ ಬಿದ್ದುಹೋಯಿತು. ಮಗಳು ಬಕೆಟ್ಟಿನ ಪಕ್ಕದಲ್ಲೇ ಕೂತು "ಅಪ್ಪಾ, ಗೈರು ಸರಿಯಾಗಿ ತಿನ್ತಿಲ್ಲ" ಎನ್ನುತ್ತಿದ್ದಳು. ಅತ್ತೆಯೇನೋ ಬೆಳಿಗ್ಗೆ ಎದ್ದು ತಲೆ ಬಾಚಿಕೊಂಡು, ಬಾಯಿ ಮುಕ್ಕಳಿಸಿ, ಕುರ್ಚಿಯನ್ನು ಹಾಲಿನ ನಡುವೆ ಎಳೆದುಕೊಂಡು ನನಗಾಗಿ ಕಾಯತೊಡಗಿದರು.

ಶುಕ್ರವಾರ ಕಟ್ಟಡದ ಮೇಲಿನ ಟ್ಯಾಂಕ್ ಒಣಗಿತು. ಆರು ಮನೆಗಳಲ್ಲಿ ನಲ್ಲಿ ತಿರುಗಿಸಿದರೆ ಬರೀ ಗಾಳಿ! ಕೆಳಗಿನ ಮನೆಯ ಬ್ಯಾಂಕ್ ಮ್ಯಾನೇಜರ್ ತಲೆಗೆ ಶಾಂಪೂ ಹಚ್ಚಿಕೊಂಡು ಅಂಗಳದಲ್ಲಿ ನಿಂತು ಕೂಗಾಡುತ್ತಿದ್ದರು. ನಾನು ಹಿಂದಿನ ಮೆಟ್ಟಿಲಿನಿಂದ ಕಚೇರಿಗೆ ಜಾರಿಕೊಂಡೆ.

ಮಧ್ಯಾಹ್ನ ನನ್ನ ಮೇಜಿನ ಮೇಲೆ ಒಂದು ಅರ್ಜಿ ಬಂದು ಬಿತ್ತು. "ನಮ್ಮ ಕಟ್ಟಡದ ಎರಡನೇ ಮಹಡಿಯ ನಿವಾಸಿಯೊಬ್ಬರು ನೀರನ್ನು ವಿಪರೀತ ಪೋಲು ಮಾಡುತ್ತಿದ್ದು..." ಓದುತ್ತಾ ಓದುತ್ತಾ ವಿಳಾಸ ತುಂಬಾ ಪರಿಚಿತವೆನಿಸಿತು. ನನ್ನದೇ! ಕೆಳಗೆ ಏಳು ಸಹಿ. ಮೊದಲನೆಯದು ನನ್ನ ಹೆಂಡತಿಯದು!

ಮೇಲಧಿಕಾರಿ ಇಣುಕಿದರು. "ಏನ್ರೀ ಅದು, ನೀರು ಪೋಲಾ? ಇವತ್ತೇ ನೋಟಿಸ್ ಕಳಿಸಿ. ಚುರುಕು ಮುಟ್ಟಬೇಕು ಅವನಿಗೆ!"

ಅವನಿಗೆ ಅವನೇ ಚುರುಕು ಮುಟ್ಟಿಸಿದ. "ನಿಮ್ಮ ಬೇಜವಾಬ್ದಾರಿ ವರ್ತನೆಯು ಅತ್ಯಂತ ಖಂಡನೀಯವಾಗಿದ್ದು" ಎಂದು ಬರೆದು, ಸೀಲ್ ಒತ್ತಿ, ಅಂಚೆಗೆ ಹಾಕಿ, ಮನೆಗೆ ಬಂದು ಹೆಂಡತಿಯ ಮೇಲೆ ಹಾರಾಡಿದೆ.

"ನನ್ನ ವಿರುದ್ಧ ನೀನೇ ಸಹಿ ಹಾಕಿದ್ಯಾ?"

"ನನಗೂ ನೀರು ಬೇಕಲ್ಲ ರೀ? ಅಮ್ಮನೂ ಹಾಕಿದಾರೆ, ನೋಡ್ಲಿಲ್ವಾ?"

ನೋಡಿರಲಿಲ್ಲ. ಏಳನೆಯ ಆ ನಡುಗುವ ಸಹಿ ಮಾಳಿಗೆ ಮನೆಯ ಮುದುಕರದೆಂದು ತಿಳಿದಿದ್ದೆ.

ಶನಿವಾರ ಬೆಳಿಗ್ಗೆ ಹನ್ನೊಂದನೆಯ ಸಲವೂ ಅತ್ತೆ "ಇದೆ" ಎಂದಾಗ ಮಗಳಿಗೆ ತಾಳ್ಮೆ ತಪ್ಪಿತು. ತೊಟ್ಟಿಯ ನೀರನ್ನು ಬಾಟಲಿಗೆ ತುಂಬಿಕೊಂಡು, ಅಮ್ಮನ ಕೈ ಹಿಡಿದು ನೇರ ಡಾಕ್ಟರ ಹತ್ತಿರ ಹೋದಳು. ಅರ್ಧ ಗಂಟೆಯಲ್ಲಿ ಕುಣಿಯುತ್ತಾ ಬಂದಳು.

"ಉಪ್ಪು ಸೊನ್ನೆ ಅಪ್ಪಾ! ಹವಳ ತೆಗೆದು ಮೂರು ಸಲ ತೊಳೆದಿದ್ರೆ ಸಾಕಿತ್ತಂತೆ. ಈ ನೀರು ಒಂದು ದಿನ ಹಾಗೇ ಇದ್ದು ಕ್ಲೋರಿನ್ ಹೋಗ್ಲಿ, ನಾಳೆ ಮೀನು ಬಿಡಿ ಅಂದ್ರು!"

ನಾನು ನಿಧಾನವಾಗಿ ಅತ್ತೆಯ ಕಡೆ ತಿರುಗಿದೆ. ಅತ್ತೆ ಸೆರಗಿನ ತುದಿ ಸುರುಳಿ ಸುತ್ತುತ್ತಿದ್ದರು.

"ಅತ್ತೆ... ಉಪ್ಪಿರಲಿಲ್ವಾ?"

"ನಾಲ್ಕನೇ ಸಲಕ್ಕೇ ಹೋಗಿತ್ತು."

"ಮತ್ತೆ ಯಾಕೆ ಇದೆ ಇದೆ ಅಂದ್ರಿ?"

ಅತ್ತೆ ತಲೆ ಎತ್ತಲಿಲ್ಲ. "ಎರಡು ವರ್ಷ ಆಯ್ತು ಅಳಿಯಂದ್ರೇ, ಈ ಮನೇಲಿ ಯಾರಾದ್ರೂ ನನ್ನ ಹತ್ರ ಬಂದು ರುಚಿ ಹೇಗಿದೆ ಅಂತ ಕೇಳಿ. ಇಲ್ಲ ಅಂದುಬಿಟ್ರೆ ನಾಳೆಯಿಂದ ಯಾರು ಬರ್ತಾರೆ?"

ನನಗೆ ಬಂದಿದ್ದ ಕೋಪವೆಲ್ಲ ಇಳಿದುಹೋಯಿತು. ನಿಜವಾಗಿಯೂ ನಾಚಿಕೆಯಾಯಿತು. ಆದರೂ ಕೇಳದೆ ಇರಲಾಗಲಿಲ್ಲ.

"ಹಾಗಿದ್ರೆ ಅರ್ಜಿಗೆ ಯಾಕೆ ಸಹಿ ಹಾಕಿದ್ರಿ?"

"ಸ್ನಾನಕ್ಕೆ ನೀರಿರ್ಲಿಲ್ವಲ್ಲ!"

ಸೋಮವಾರ ಮೀನುಗಳು ಕವರಿನಲ್ಲೂ ತೊಟ್ಟಿ ಗೂಡ್ಸ್ ಆಟೋದಲ್ಲೂ ಸ್ಕೂಲಿಗೆ ಸವಾರಿ ಹೊರಟವು, ಕ್ಲೋರಿನ್ ಹೋದ ತೊಟ್ಟಿಯ ನೀರು ಬಕೆಟ್ಟುಗಳಲ್ಲಿ ಹಿಂದೆ ಹಿಂದೆ. ಮಗಳು ಸಂಜೆ ಬಂದವಳೇ ನನ್ನ ಕುತ್ತಿಗೆಗೆ ಜೋತುಬಿದ್ದಳು. ಟೀಚರ್ ಹೆಸರು ಕೂಗಿದಾಗ ಮೊದಲ ಸಲ ಗೈರು ಗಾಜಿನ ಮುಂದೆಯೇ ಇತ್ತಂತೆ. ನಾನು ಒಂದು ಕಲ್ಲನ್ನೂ ಉಳಿಸಿರಲಿಲ್ಲವಲ್ಲ, ಪಾಪ, ಅವಿತುಕೊಳ್ಳುವುದೆಲ್ಲಿ!

ಮರುದಿನ ಅಂಚೆಯವನು ನೋಟಿಸ್ ತಂದ. ಊಟದ ಹೊತ್ತಿಗೆ ಹೆಂಡತಿ ಅದನ್ನು ಗಟ್ಟಿಯಾಗಿ ಓದಿದಳು. "ಬೇಜವಾಬ್ದಾರಿ" ಬಂದಲ್ಲಿ ಎರಡು ಸಲ ಓದಿದಳು. ನಾನು ತಟ್ಟೆಯಲ್ಲಿ ಮುಖ ಹುದುಗಿಸಿದ್ದೆ. ಮೂಲೆಯ ಕುರ್ಚಿ ಈಗ ನನ್ನ ಪಕ್ಕಕ್ಕೇ ಬಂದಿತ್ತು. ಹಾಗಾಗಿ ಅಲ್ಲಿಗೇ ತಿರುಗಿ, ಅಭ್ಯಾಸಬಲದಿಂದ ಕೇಳಿದೆ.

"ಹೇಗಿದೆ ಅತ್ತೆ?"

ಅತ್ತೆ ಕಣ್ಣು ಮುಚ್ಚಿದರು. ಚಪ್ಪರಿಸಿದರು. ಐದು ದಿನ ಸೊಂಟ ಮುರಿದುಕೊಂಡು ನಾನು ಕಾದಿದ್ದ ಆ ಮಾತು ಕೊನೆಗೂ ಅವರ ಬಾಯಿಂದ ಬಂತು.

"ಖಾರ ಇದೆ, ಅಳಿಯಂದ್ರೇ. ಉಪ್ಪಿಲ್ಲ!"