ಐದು ಕಾಲಿನ ಬಾಣಂತಿ

ಆ ಇರುವೆಗೆ ಇಲ್ಲದ ಕಾಲು ಎಡಗಡೆಯದು, ಅಥವಾ ಬಲಗಡೆಯದೇ ಇದ್ದೀತು. ಒಂದು ನಡುಗಾಲು ಇರಲಿಲ್ಲ ಎಂಬುದು ಮಾತ್ರ ಗಟ್ಟಿ ನೆನಪು ಎಂದು ಬರೆದೆ. ಈಗ 'ಗಟ್ಟಿ' ಎಂಬುದನ್ನು ಹೊಡೆದುಹಾಕುತ್ತಿದ್ದೇನೆ. ಮಳೆ ಬಂದು ನಿಂತಿತ್ತು, ಡ್ಯೂಟಿ ಮುಗಿಸಿ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆ, ಆಗ ದೊಡ್ಡದೊಂದು ಕರಿ ಇರುವೆ, ನಾವು ಗೊದ್ದ ಅನ್ನುತ್ತೇವಲ್ಲ ಅದು, ರೆಕ್ಕೆ ಉದುರಿಸಿಕೊಂಡು ನನ್ನ ಚಪ್ಪಲಿ ಪಕ್ಕ ಐದು ಕಾಲಿನಲ್ಲಿ ನಡೆದುಹೋಯಿತು. ಇದು ನನ್ನ ನೆನಪು. ನನ್ನ ಹೆಂಡತಿ ನಾಗರತ್ನಳ ಪ್ರಕಾರ ಅವತ್ತು ಮಳೆಯೇ ಇರಲಿಲ್ಲ. ನಾನು ಛತ್ರಿ ಕಳೆದುಕೊಂಡು ತೊಯ್ಸಿಕೊಂಡು ಬಂದದ್ದು ಬೇರೆ ದಿನ, ಎರಡನ್ನೂ ಹೊಲಿದು ಒಂದು ಮಾಡಿಕೊಂಡಿದ್ದೇನಂತೆ. ಇರಬಹುದು. ನೆನಪು ಅಚ್ಚುಕಟ್ಟಾಗಿ ಕೂತಷ್ಟೂ ನನಗೆ ಅದರ ಮೇಲೆ ಅನುಮಾನ ಜಾಸ್ತಿ.

ಅನುಮಾನ ನನ್ನ ಕಸುಬಿಗೆ ಒಗ್ಗದ ವಸ್ತು. ನಾನು ಬಸ್ ಸ್ಟ್ಯಾಂಡಿನ ಕಂಟ್ರೋಲರ್. ಊರಿನ ಹೆಸರು ಬೇಡ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಮೂರೂ ದಿಕ್ಕಿನ ಬಸ್ಸು ಬರುವ ಊರು ಎಂದರೆ ಗೊತ್ತಾಗುವವರಿಗೆ ಗೊತ್ತಾಗುತ್ತದೆ. ದಿನವಿಡೀ ಜನ ಕಿಟಕಿಗೆ ಬಂದು "ಹಡಗಲಿ ಬಸ್ಸು ಯಾವಾಗ್ರಿ?" ಎಂದು ಕೇಳುತ್ತಾರೆ. "ಈಗ ಬರ್ತೈತಿ, ಕುಂದರ್ರಿ" ಎನ್ನುತ್ತೇನೆ. 'ಈಗ' ಎಂಬ ಮಾತನ್ನು ನನ್ನಷ್ಟು ಎಳೆದು ಹಿಗ್ಗಿಸಿದವರು ಕನ್ನಡದಲ್ಲಿ ಇನ್ನೊಬ್ಬರಿಲ್ಲ. ಬಸ್ಸು ಕೆಟ್ಟು ನಿಂತರೆ ಬೇರೆ ಬಸ್ಸಿಗೆ ಅದೇ ಬೋರ್ಡು ಸಿಕ್ಕಿಸಿ ಕಳಿಸುತ್ತೇವೆ. "ಇದು ಅದೇ ಬಸ್ಸೇನ್ರಿ?" ಎಂದು ಯಾರಾದರೂ ಕೇಳಿದರೆ "ಅದ ರೀ, ಹತ್ರಿ" ಎನ್ನುವುದು ನನ್ನ ಕೆಲಸ. ಊರು ಮುಟ್ಟಿದವರು ಯಾರೂ ವಾಪಸು ಬಂದು ಜಗಳಾಡಿಲ್ಲ.

ಬಸ್ಸು ಬಸ್ಸಿನ ನಡುವಿನ ಬಿಡುವಿನಲ್ಲಿ ಫೋನಿನಲ್ಲಿ ಇರುವೆ ಸಾಕುವವರ ವಿಡಿಯೋ ನೋಡಿ ನೋಡಿ ನಾನು ಅರ್ಧ ಪಂಡಿತನಾಗಿದ್ದೆ. ಮುಂಗಾರು ಬಿದ್ದ ಮೇಲೆ ರೆಕ್ಕೆಯ ಇರುವೆಗಳು ಗೂಡು ಬಿಟ್ಟು ಹಾರುತ್ತವೆ. ಕೂಡಿದ ಮೇಲೆ ಗಂಡು ಸಾಯುತ್ತದೆ. ಹೆಣ್ಣು ನೆಲಕ್ಕಿಳಿದು, ರೆಕ್ಕೆ ತಾನೇ ಮುರಿದುಕೊಂಡು, ಒಂಟಿಯಾಗಿ ಕತ್ತಲಲ್ಲಿ ಕೂತು ಮೊಟ್ಟೆ ಇಡುತ್ತದೆ. ಮೊದಲ ಮಕ್ಕಳು ಹೊರಬರುವ ತನಕ ಅನ್ನ ಬೇಡ. ಹಾರಲು ಇದ್ದ ಸ್ನಾಯುವನ್ನೇ ಕರಗಿಸಿಕೊಂಡು ಬದುಕುತ್ತದೆ. ಅದೇ ರಾಣಿ. ಇಷ್ಟು ಓದಿಕೊಂಡವನ ಕಾಲ ಬುಡಕ್ಕೆ ಅದು ಬಂದರೆ ಬಿಡುವುದುಂಟೇ? ಚಹಾದ ಲೋಟ ಬೋರಲು ಹಾಕಿ ಹಿಡಿದೆ. ನಮ್ಮ ಕಂಡಕ್ಟರ್ ಹನುಮಂತಪ್ಪ ಬಗ್ಗಿ ನೋಡಿದ.

"ಈಚಲು ಹುಳ ಅಲ್ಲೇನ್ರಿ ಸರ್? ಹುರಕೊಂಡು ಮಂಡಕ್ಕಿಗೆ ಕಲಸಿದ್ರ ಭಾಳ ರುಚಿ."

ಈಚಲು ಗೆದ್ದಲಿನ ಜಾತಿ, ಅದಕ್ಕೆ ಸೊಂಟವೇ ಇಲ್ಲ. ಇದರ ಸೊಂಟ ನೋಡು ಎಷ್ಟು ಸಣ್ಣ, ಮೀಸೆ ನೋಡು ಮೊಣಕೈ ಹಾಗೆ ಬಾಗಿದೆ, ಬೆನ್ನು ನೋಡು, ರೆಕ್ಕೆ ಕಿತ್ತ ಗುರುತು ಎಂದೆಲ್ಲ ವಿವರಿಸಿದೆ. "ಈ ವಯಸ್ನಾಗ ಸೊಂಟ ನೋಡಾಕ ಹತ್ತೀರಿ, ಮನ್ಯಾಗ ಗೊತ್ತೈತೇನ್ರಿ?" ಎಂದು ಹರಪನಹಳ್ಳಿ ಬಸ್ಸಿಗೆ ಸೀಟಿ ಊದಿಕೊಂಡು ಹೋದ.

ಮನೆಯಲ್ಲಿ ಗೊತ್ತಾಗದೆ ಇರುತ್ತದೆಯೇ. ಕಾಲೇಜಿನ ಲ್ಯಾಬಿನಲ್ಲಿರುವ ಸ್ನೇಹಿತನಿಂದ ಒಂದು ಟೆಸ್ಟ್ ಟ್ಯೂಬು ತಂದು, ತಳಕ್ಕೆ ನೀರು ತುಂಬಿ, ಅದು ಚೆಲ್ಲದಂತೆ ಹತ್ತಿ ಒತ್ತಿ, ರಾಣಿಯನ್ನು ಒಳಗೆ ಬಿಟ್ಟು, ಬಾಯಿಗೂ ಹತ್ತಿ ಇಟ್ಟೆ. ನಾಗರತ್ನ ಅಡುಗೆಮನೆಯಲ್ಲಿ ಇರುವೆ ಕೊಲ್ಲುವ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದವಳು ಎದ್ದು ಬಂದು, ಒಂದು ಸಲ ಟ್ಯೂಬನ್ನೂ ಒಂದು ಸಲ ತನ್ನ ಕೈಯ ಸುಣ್ಣವನ್ನೂ ನೋಡಿ, ನನ್ನನ್ನು ನೋಡದೆ ಒಳಗೆ ಹೋದಳು. ಅವ್ವ ಮಾತ್ರ ಕನ್ನಡಕ ಹುಡುಕಿ ಹಾಕಿಕೊಂಡಳು.

"ಲೇ ಕೊಟ್ರ್ಯಾ, ಬಸುರಿ ಅದಾಳೇನ?"

"ಹಂಗ ಕಾಣತೈತಿ ಅವ್ವಾ."

"ಕಾಣತೈತಿ ಅಂದ್ರ? ಬಸುರಿನ್ನ ಮನಿಗಿ ಕರಕೊಂಡ್ ಬಂದು ಕಾಣತೈತಿ ಅಂತಿಯಲ್ಲೋ!"

ಅಲ್ಲಿಯವರೆಗೆ 'ಅದು' ಆಗಿದ್ದ ಇರುವೆ ಆ ಕ್ಷಣದಿಂದ 'ಆಕಿ' ಆಯಿತು. ಟ್ಯೂಬು ಅವ್ವನ ಕೋಣೆಯ ಅಲಮಾರಿಗೆ, ಅವಳ ಇಳಕಲ್ ಸೀರೆಗಳ ಸಂದಿಗೆ ಹೋಯಿತು. ಕತ್ತಲು ಬೇಕು, ಅಲುಗಾಡಿಸಬಾರದು, ಪದೇ ಪದೇ ನೋಡಬಾರದು, ಹೆದರಿದರೆ ತನ್ನ ಮೊಟ್ಟೆಯನ್ನೇ ತಿಂದುಬಿಡುತ್ತದೆ ಎಂದು ನಾನು ವಿಡಿಯೋದ ಪಾಠ ಒಪ್ಪಿಸಿದರೆ ಅವ್ವ ನಕ್ಕಳು. "ಇದನ್ನ ಫೋನ್ ಹೇಳಬೇಕೇನು? ಬಾಣಂತಿ ಕ್ವಾಣಿಗಿ ಗಾಳಿ ಬೆಳಕು ಬಿಡಬಾರದು, ಕಂಡೋರು ಹೋಗಬಾರದು. ಅದ್ರಾಗ ಗಂಡಸ್ರು ಮೊದ್ಲ ಹೋಗಬಾರದು." ನಿಷೇಧ ನನಗೆ ಎಂಬುದು ಸ್ಪಷ್ಟವಾಗಿತ್ತು. ಆದರೂ ಅವ್ವ ಸ್ನಾನಕ್ಕೆ ಹೋದಾಗ ನಾನು ಕಳ್ಳನ ಹಾಗೆ ಅಲಮಾರಿ ತೆರೆದು ನೋಡುತ್ತಿದ್ದೆ. ಅಕ್ಕಿ ನುಚ್ಚಿಗಿಂತ ಸಣ್ಣ ಮೊಟ್ಟೆಗಳನ್ನು ಮೊದಲು ಕಂಡವನು ನಾನೇ. ಹೇಳುವಂತಿಲ್ಲ. ಮಾರನೆಯ ದಿನ ಅವ್ವ ಬಂದು "ಹಡದಾಳ" ಎಂದು ಸುದ್ದಿ ಹೇಳಿದಾಗ ಬಾಯಿ ತೆರೆದು ಆಶ್ಚರ್ಯಪಟ್ಟೆ. ನಾಗರತ್ನ ನನ್ನ ಮುಖ ನೋಡಿ, "ನಿಮ್ಮ ಬಸ್ಸು ಟೈಮಿಗಿ ಬಂದಾಗೂ ಇಷ್ಟು ಬಾಯಿ ತಗಿಯಂಗಿಲ್ರಿ ನೀವು" ಎಂದಳು.

ಆಮೇಲೆ ಅಟ್ಟದಿಂದ ಅಗ್ಗಿಷ್ಟಿಗೆ ಇಳಿಯಿತು. ಬಾಣಂತಿಗೆ ಕಾಸಲು ಕೆಂಡ ಹಾಕುವ ಈ ಕಬ್ಬಿಣದ ಬುಟ್ಟಿಯನ್ನು ಅವ್ವ ನಮ್ಮ ಮದುವೆಯಾದ ಹೊಸದರಲ್ಲಿ ಸಂತೆಯಲ್ಲಿ ಆರಿಸಿ ತಂದಿದ್ದಳು. ಅದರಲ್ಲಿ ಒಂದು ಕೆಂಡವೂ ಬಿದ್ದಿರಲಿಲ್ಲ. ಯಾಕೆ ಬಿದ್ದಿಲ್ಲ ಎಂದು ನಮ್ಮ ಮನೆಯಲ್ಲಿ ಒಬ್ಬರನ್ನೊಬ್ಬರು ಕೇಳುವುದು ನಿಂತು ಬಹಳ ಕಾಲವಾಯಿತು. ಕೇಳುತ್ತಿದ್ದ ನೆಂಟರೂ ಸುಸ್ತಾಗಿ ಬಿಟ್ಟಿದ್ದರು. ಅದು ಇಳಿದದ್ದು ನನಗೆ ಗೊತ್ತಾದದ್ದು ಸಂಜೆ ಡ್ಯೂಟಿಯಿಂದ ಬಂದಾಗ, ಮೂಗಿನಿಂದ. ಓಣಿಯ ತನಕ ಲೋಬಾನದ ಹೊಗೆ. ಅವ್ವ ಅಲಮಾರಿಯ ಬಾಗಿಲು ಅರೆ ತೆರೆದು, ಕೆಂಡಕ್ಕೆ ಲೋಬಾನ ಉದುರಿಸಿ, ಬಾಣಂತಿಗೆ ಧೂಪ ಹಾಕಿದ್ದಳು.

ಟ್ಯೂಬು ಮಬ್ಬಾಗಿತ್ತು. ಆಕಿ ಒಂದು ಪಕ್ಕಕ್ಕೆ ಒರಗಿ, ಕಾಲು ಮಡಚಿಕೊಂಡು ಬಿದ್ದಿದ್ದಳು. ಇರುವೆ ಹೋದರೆ ಹೋಯಿತು, ಮುಂದಿನ ಮಳೆಗೆ ಇನ್ನೊಂದು ಸಿಗುತ್ತದೆ ಎಂದು ಹೇಳಿಕೊಳ್ಳಲು ನೋಡಿದೆ. ಆದರೆ ಅವ್ವ ಹಿಂದೆಯೇ ನಿಂತಿದ್ದಳು. ಇಷ್ಟು ವರ್ಷಕ್ಕೆ ಅವಳ ಕೈಗೆ ಸಿಕ್ಕ ಒಬ್ಬಳೇ ಬಾಣಂತಿ, ಅವಳ ಕೈಯ ಧೂಪಕ್ಕೇ ಹೋದಳು ಎಂದು ಹೇಳುವ ಕಂಟ್ರೋಲರ್ ನಾನಲ್ಲ. ನಾಗರತ್ನ ನನ್ನ ಕೈಯಿಂದ ಟ್ಯೂಬು ತೆಗೆದುಕೊಂಡಳು. "ಮಕ್ಕೊಂಡಾಳ, ಬಿಡ್ರಿ. ಅತ್ತೀ, ನೀವು ಹೋಗಿ ಮಾರಿ ತೊಳಕೊಳ್ರಿ, ಕಣ್ಣು ಕೆಂಪಗ ಆಗ್ಯಾವ" ಎಂದಳು. ಹೊರಗೆ ಮಳೆ ಸಣ್ಣಗೆ ಶುರುವಾಗಿತ್ತು. ಈ ಮಳೆಯನ್ನು ಮಾತ್ರ ನಾಗರತ್ನಳೂ ಒಪ್ಪುತ್ತಾಳೆ.

ಮಾರನೆಯ ದಿನ ಆಕಿ ಎದ್ದು ಓಡಾಡುತ್ತಿದ್ದಳು. ಅವ್ವ "ಧೂಪ ಹತ್ತೇತಿ ನೋಡು, ಹೆಂಗ ಚುರುಕಾಗ್ಯಾಳ!" ಎಂದಳು. ನಾನೂ ಖುಷಿಯಿಂದ ಬಗ್ಗಿ ನೋಡಿದೆ. ಆರು ಕಾಲು. ಇನ್ನೊಂದು ಸಲ ನೋಡಿದೆ. ಆರೇ. ಇರುವೆಗೆ ಕಳೆದುಹೋದ ಕಾಲು ಮತ್ತೆ ಬೆಳೆಯುವುದಿಲ್ಲ. ಹಿಡಿದ ದಿನ ತೆಗೆದ ಫೋಟೋ ಫೋನಿನಲ್ಲಿತ್ತು, ತೆಗೆದು ಹಿಗ್ಗಿಸಿದೆ. ಕಾಣುವುದು ಐದು ಕಾಲು, ನಿಜ. ಆರನೆಯದು ಇರಬೇಕಾದ ಜಾಗದಲ್ಲಿ ನನ್ನದೇ ಹೆಬ್ಬೆರಳಿನ ನೆರಳು ಬಿದ್ದಿದೆ. ಮತ್ತೆ ಟ್ಯೂಬಿನ ಬಾಯಿ ನೋಡಿದೆ. ನಾನು ತುರುಕಿದ್ದು ಮೆಡಿಕಲ್ ಶಾಪಿನ ಹತ್ತಿ. ಈಗ ಇದ್ದದ್ದು ದೇವರ ದೀಪದ ಹೂಬತ್ತಿಯ ಹಾಗೆ ನೀಟಾಗಿ ಹೊಸೆದು ಇಟ್ಟ ಅರಳೆ.

"ಹೊಗಿ ತುಂಬಿತ್ತಲ್ರಿ, ಗಾಳ್ಯಾಡ್ಲಿ ಅಂತ ತಗದು ಬ್ಯಾರೆ ಹತ್ತಿ ಹಾಕೀನಿ" ಎಂದಳು ನಾಗರತ್ನ, ಕೇಳುವ ಮೊದಲೇ. ಸರಿಯಾದ ಮಾತು. ಆದರೆ ರಾತ್ರಿ ಮಳೆಯಲ್ಲಿ ರೆಕ್ಕೆಯ ಗೊದ್ದಗಳು ಬೀದಿ ದೀಪಕ್ಕೆ ಮುತ್ತಿದ್ದವು ಎಂದೂ ಅವಳು ಹೇಳಿದ ನೆನಪು, ಹೊರಗೆ ಹೋಗದೆ ಅದು ಅವಳಿಗೆ ಹೇಗೆ ಗೊತ್ತು? ಇದನ್ನು ಅವಳೇ ಹೇಳಿದಳೋ, ನಾನು ಊಹಿಸಿಕೊಂಡು ಅವಳ ಬಾಯಿಗೆ ಹಾಕುತ್ತಿದ್ದೇನೋ, ಅದೂ ಈಗ ಗಲಿಬಿಲಿ. ಬತ್ತಿ ಹೊಸೆಯಲು ಅವ್ವನಿಗೂ ಬರುತ್ತದೆ. ಅತ್ತೆಗೆ ತಿಳಿಯದಿರಲಿ ಎಂದು ಸೊಸೆ ಬೇರೆ ರಾಣಿಗೆ ಅದೇ ಬೋರ್ಡು ಸಿಕ್ಕಿಸಿದಳೋ, ಮಗನಿಗೆ ಬೇಜಾರಾಗದಿರಲಿ ಎಂದು ಅವ್ವನೋ, ಅಥವಾ ಯಾರೂ ಬದಲಾಯಿಸದೆ ನನಗೇ ಮೊದಲಿಂದ ಲೆಕ್ಕ ತಪ್ಪಿತ್ತೋ. ಕೇಳಿದರೆ ತಿಳಿಯುತ್ತಿತ್ತು. ಕೇಳಿದರೆ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರ ಮುಂದೆ ಉತ್ತರ ಹೇಳಬೇಕಾಗುತ್ತಿತ್ತು. ಟ್ಯೂಬನ್ನು ಸೀರೆಗಳ ಸಂದಿಗೆ ವಾಪಸು ಇಟ್ಟೆ.

ಹಳೆಯ ಮೊಟ್ಟೆಗಳನ್ನು ಆಕಿ ತಿನ್ನಲಿಲ್ಲ. ಒಂದೆಡೆ ಗುಡ್ಡೆ ಹಾಕಿ ನೆಕ್ಕಿದಳು. ಅವು ಹುಳುವಾದವು, ಹುಳು ಗೂಡು ಕಟ್ಟಿಕೊಂಡವು, ಒಂದು ಬೆಳಿಗ್ಗೆ ಕಡ್ಡಿಯಂಥ ಕಾಲಿನ ಪುಟ್ಟ ಇರುವೆಯೊಂದು ಎಡವುತ್ತ ತಾಯಿಯ ಬೆನ್ನ ಹತ್ತಿತು. ಅವ್ವ ಸಕ್ಕರೆ ನೀರಿನ ಹನಿಯನ್ನು ಬೆಂಕಿಕಡ್ಡಿಯ ತುದಿಯಲ್ಲಿ ಹಿಡಿದು ಕಾಯುತ್ತಿದ್ದಳು.

"ಹೆಣ್ಣೋ, ಗಂಡೋ?"

"ಕೆಲಸಗಾರ ಇರುವಿ ಎಲ್ಲಾ ಹೆಣ್ಣ ಅವ್ವಾ."

"ಆಗಲಿ ಬಿಡು. ತಾಯಿಗಿ ಆಸರ ಆಕ್ಕಾವ."

ಅವತ್ತಿನಿಂದ ಅಡುಗೆಮನೆಯಲ್ಲಿ ಸೀಮೆಸುಣ್ಣದ ಗೆರೆ ಕಾಣುತ್ತಿಲ್ಲ. "ಇಲ್ಲಿ ಬಾಣಂತನ, ಅಲ್ಲಿ ಸುಣ್ಣ, ಯಾವ ನ್ಯಾಯಾರಿ? ಸಕ್ಕರಿ ಡಬ್ಬಿಗಿ ಬರೋರು ಈಕಿ ಬಳಗ ಅಲ್ಲೇನು?" ಎನ್ನುತ್ತಾಳೆ ನಾಗರತ್ನ. ನಾನೀಗ ಬಳಗವನ್ನು ಊದಿಕೊಂಡು ಚಹಾ ಕುಡಿಯುತ್ತೇನೆ.

ಮೊನ್ನೆ ನಾಗರತ್ನ ನೀರಿಗೆ ಹೋದಾಗ ಅವ್ವ ನನ್ನನ್ನು ಹತ್ತಿರ ಕರೆದು, ದನಿ ತಗ್ಗಿಸಿ ಕೇಳಿದಳು. "ಲೇ ಕೊಟ್ರ್ಯಾ, ಖರೇ ಹೇಳು. ಈಕಿ ಆಕೀನ ಹೌದಲ್ಲೋ?"

"ಆಕೀನ ಅವ್ವಾ" ಎಂದೆ. ಕಿಟಕಿಯಲ್ಲಿ ಕೂತು ಹೇಳುವ ದನಿಯೇ ಬಂತು. ಅವ್ವ "ಹಂಗಾರ ಸರಿ" ಎಂದು ಅಲಮಾರಿಯ ಬಾಗಿಲು ಮುಚ್ಚಿದಳು. ಅವಳು ತಿಳಿಯಲು ಕೇಳಿದಳೋ, ನನಗೆಷ್ಟು ತಿಳಿದಿದೆ ಎಂದು ನೋಡಲು ಕೇಳಿದಳೋ ನನಗೆ ಗೊತ್ತಿಲ್ಲ. ಆ ಮೊಟ್ಟೆಗಳು ಈಕಿಯವೋ, ಧೂಪಕ್ಕೆ ಹೋದ ಇನ್ನೊಬ್ಬಳವೋ ಎಂಬುದೂ ಗೊತ್ತಿಲ್ಲ.