ಚಿಂತಾಮಣಿ ಬಸ್ಸಿನ ಕಂಪ್ಯೂಟರ್ ಚೀಟಿ

ಕಂಪ್ಯೂಟರು ಹೇಳಿದ್ದನ್ನಷ್ಟೇ ಮಾಡುತ್ತದೆ. ಆದ್ದರಿಂದಲೇ ಅದರ ಮುಂದೆ ಕುಳಿತವರಿಗೆ ನಗೆಪಾಟಲು ತಪ್ಪಿದ್ದಲ್ಲ. ತೊಂಬತ್ತರ ದಶಕದಲ್ಲಿ ಗೌರಿಬಿದನೂರಿನ ಬಳಿ, ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಕಂಪ್ಯೂಟರ್ ಬಂದಾಗ ಅದನ್ನೂ ನನಗೇ ವಹಿಸಿದರು. ಮೊದಲ ಕೆಲಸ, ಕೆಲಸಗಾರರ ಸಂಜೆ ಬಸ್ಸಿನ ವಿವರದ ಚೀಟಿ ಮುದ್ರಿಸಿ ಗೇಟಿನ ಫಲಕಕ್ಕೆ ಅಂಟಿಸುವುದು.

"ಶನಿವಾರದೊಳಗೆ ಇದು ಸರಿಯಾಗಿ ಬರಬೇಕು. ಇಲ್ಲದಿದ್ದರೆ ಕಂಪ್ಯೂಟರ್ ವಾಪಸ್, ನೀವು ಟೈಪ್‌ರೈಟರಿಗೆ ವಾಪಸ್" ಎಂದರು ಮ್ಯಾನೇಜರು.

ವಾಪಸ್ ಹೋಗುವ ಉದ್ದೇಶ ನನಗಿರಲಿಲ್ಲ.

೧

ಊರು, ಚಾಲಕನ ಹೆಸರು, ಸಮಯ ಇವನ್ನು ಶೆಲ್ ಸ್ಕ್ರಿಪ್ಟ್ ಎಂಬ ಆಜ್ಞೆಗಳ ಪಟ್ಟಿ ಕೇಳಿ ಇಟ್ಟುಕೊಳ್ಳುತ್ತಿತ್ತು. ಚೀಟಿ ಬರೆಯುವುದು ಪರ್ಲ್ ಎಂಬ ಇನ್ನೊಂದು ಕಂಪ್ಯೂಟರ್ ಭಾಷೆಯಲ್ಲಿ ಬರೆದ ಸಬ್‌ರೂಟೀನ್ ಎಂಬ ತುಣುಕಿನ ಪಾಲು. ಶೆಲ್‌ಗೆ ತಿಳಿದದ್ದು ಪರ್ಲ್‌ಗೂ ತಿಳಿದಿರುತ್ತದೆಂದು ನಾನು ಭಾವಿಸಿದ್ದೆ. ಕೈಗೆ ಕೊಡದ ಹೊರತು ಪರ್ಲ್ ಏನನ್ನೂ ಅರಿಯದು. ಚೀಟಿಯಲ್ಲಿ ಶೀರ್ಷಿಕೆಗಳಷ್ಟೇ ಇದ್ದವು.

ಚಾಲಕ ಅದನ್ನು ಹಿಡಿದುಕೊಂಡೇ ಬಂದ. "ಏನ್ ಮೇಡಂ ಇದು? ಊರೂ ಇಲ್ಲ, ಟೈಮೂ ಇಲ್ಲ, ನಾನೂ ಇಲ್ಲ. ಸ್ಟೀರಿಂಗ್ ಹಿಡಿಯೋರು ಯಾರು?"

೨

ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ತಪ್ಪನ್ನು ಅಳಿಸಲು ಬಿಡುತ್ತಿರಲಿಲ್ಲ, ಮೊದಲಿನಿಂದ ಬರೆಸುತ್ತಿದ್ದರು. ಮೊದಲಿನಿಂದ ಬರೆದೆ. ಮರುದಿನ ಎಲ್ಲವನ್ನೂ ಆರ್ಗ್ಯುಮೆಂಟುಗಳಾಗಿ, ಅಂದರೆ ಪರ್ಲ್‌ನ ಕೈಗೇ ಒಂದೊಂದಾಗಿ, ಸಾಲಾಗಿ ಕಳುಹಿಸಿದೆ. ಚಾಲಕನ ಹೆಸರು ಚಿಕ್ಕ ವೆಂಕಟಪ್ಪ. ಉದ್ಧರಣ ಚಿಹ್ನೆಯ ರಕ್ಷೆಯಿಲ್ಲದೆ ಹೋದ ಹೆಸರನ್ನು ಶೆಲ್ ನಡುವಿನ ಖಾಲಿ ಜಾಗದಲ್ಲಿ ಎರಡು ತುಂಡು ಮಾಡಿತು. ಸಬ್‌ರೂಟೀನ್ ತುಂಡುಗಳನ್ನು ಬಂದ ಸಾಲಿನಲ್ಲೇ ತೆಗೆದುಕೊಂಡಿತು, ಕೊನೆಯ ಸಮಯಕ್ಕೆ ಜಾಗವೇ ಉಳಿಯಲಿಲ್ಲ. ಗೇಟಿನ ಫಲಕದಲ್ಲಿ ಹೀಗಿತ್ತು:

ಊರು: ಚಿಂತಾಮಣಿ
ಚಾಲಕ: ಚಿಕ್ಕ
ಹೊರಡುವ ಸಮಯ: ವೆಂಕಟಪ್ಪ

ಕಿತ್ತುಹಾಕಲು ಹೋದೆ. ಶಿಡ್ಲಘಟ್ಟದ ಕೆಲಸಗಾರ್ತಿಯೊಬ್ಬಳು ತಡೆದಳು. "ಇರ್ಲಿ ಬಿಡಿ ಮೇಡಂ. ಆಯಪ್ಪ ಟೀ ಕುಡ್ದು, ಬೀಡಿ ಸೇದಿ, ಎದ್ದಾಗ್ಲೇ ತಾನೇ ಬಸ್ ಹೊರಡೋದು? ನಿಮ್ಮ ಮಿಷಿನ್ನು ನಿಜಾನೇ ಹೇಳೈತೆ."

೩

ಶನಿವಾರ ಎಲ್ಲವನ್ನೂ ಉದ್ಧರಣ ಚಿಹ್ನೆಗಳೊಳಗೆ ಭದ್ರಪಡಿಸಿ ಕಳುಹಿಸಿದೆ. ಚಿಂತಾಮಣಿ, ಚಿಕ್ಕ ವೆಂಕಟಪ್ಪ, ಐದೂವರೆ. ಒಂದಕ್ಷರವೂ ಅತ್ತಿತ್ತ ಸರಿದಿರಲಿಲ್ಲ. ಮ್ಯಾನೇಜರು ಓದಿ ತಲೆದೂಗಿದರು. "ಸರಿ, ಕಂಪ್ಯೂಟರ್ ಇಲ್ಲೇ ಇರಲಿ." ಅಂದು ಅವರೂ ಅದೇ ಬಸ್ಸಿನಲ್ಲಿ ದಾರಿಯಲ್ಲಿನ ಚಿಕ್ಕಬಳ್ಳಾಪುರಕ್ಕೆ ಹೋಗಬೇಕಿತ್ತು. ವಾಡಿಕೆಯಂತೆ ಎಲ್ಲರೂ ಕ್ಯಾಂಟೀನಿನಲ್ಲಿ ನಿಧಾನವಾಗಿ ಚಹಾ ಕುಡಿಯುತ್ತಿದ್ದರು.

ತನ್ನ ಪೂರ್ತಿ ಹೆಸರನ್ನು ಅಚ್ಚಿನಲ್ಲಿ ಮೊದಲ ಬಾರಿ ಕಂಡ ವೆಂಕಟಪ್ಪ ಕಾಲರ್ ಸರಿಪಡಿಸಿಕೊಂಡ. ಬೀಡಿ ಎಸೆದ. ಸರಿಯಾಗಿ ಐದೂವರೆಗೆ, ಹಿಂತಿರುಗಿಯೂ ನೋಡದೆ, ಖಾಲಿ ಬಸ್ಸನ್ನು ಚಿಂತಾಮಣಿಗೆ ಹೊಡೆದುಕೊಂಡು ಹೋದ.

ಚಹಾದ ಲೋಟ ಹಿಡಿದೇ ಗೇಟಿನವರೆಗೆ ಓಡಿದ್ದ ಮ್ಯಾನೇಜರು ಏದುಸಿರು ಬಿಡುತ್ತಾ ನನ್ನ ಬಳಿ ಬಂದರು.

"ಮೇಡಂ, ಮೊನ್ನೆಯ ಆ ತಪ್ಪು ಚೀಟಿ ಇನ್ನೂ ನಿಮ್ಮ ಹತ್ತಿರ ಇದೆಯೇ?"